ಹರಿಗೋಲಿನಲ್ಲಿ ಒಂದು ತಿದ್ದುಪಡಿ

ಕಳೆದ ಡಿಸೆಂಬರಿನಲ್ಲಿ, ಹಂಪಿಯ ಚಕ್ರತೀರ್ಥದ ನಡುನೀರಿನಲ್ಲಿ, ಆರು ಜನ ಕೇಳುತ್ತಿರುವಾಗ ನಾನೊಬ್ಬ ಹರಿಗೋಲಿನವನ ಮಾತನ್ನು ತಿದ್ದಿದೆ. ತಿದ್ದಿದ್ದು ಒಂದೇ ವಾಕ್ಯ. ಹೇಳಿದ್ದು ಸರಿಯಾಗಿಯೇ ಇತ್ತು ಎಂದು ಆಗ ಖಾತ್ರಿಯಿತ್ತು. ಅದಾದ ಮೇಲೆ ಧಾರವಾಡಕ್ಕೆ ಬಂದು ಲೈಬ್ರರಿಯಲ್ಲಿ ಕೂತಾಗ, ಚಿಗರಿ ಬಸ್ಸಿನಲ್ಲಿ ನಿಂತಾಗ, ರಾತ್ರಿ ಮಲಗಿದಾಗ ಆ ವಾಕ್ಯ ಮತ್ತೆ ಮತ್ತೆ ಎದುರಿಗೆ ಬಂದಿದೆ. ನಿಜ ಹೇಳಿದ್ದಕ್ಕೆ ಮನುಷ್ಯ ಇಷ್ಟು ದಿನ ಕಸಿವಿಸಿಪಡುತ್ತಾನೆಯೇ ಎಂಬುದೇ ಈ ಬರಹದ ಹಿಂದಿನ ಪ್ರಶ್ನೆ.

ನಾವು ಹೋದದ್ದು ಅಕ್ಕನ ಸಲುವಾಗಿ. ಅಕ್ಕ ಎಂದರೆ ದೊಡ್ಡವ್ವನ ಮಗಳು. ಶಿಕಾಗೊದಲ್ಲಿ ಇರುತ್ತಾಳೆ. ನಾಲ್ಕು ವರ್ಷದ ಮೇಲೆ ಹತ್ತು ವರ್ಷದ ಮಗನನ್ನು ಕರಕೊಂಡು ಹುಬ್ಬಳ್ಳಿಗೆ ಬಂದಿದ್ದಳು. ಅವನಿಗೆ ಶಾಲೆಯಲ್ಲಿ 'ಒಂದು ದೊಡ್ಡ ನಗರ' ಎಂಬ ಪ್ರಾಜೆಕ್ಟ್ ಇತ್ತು. ಶಿಕಾಗೊದ ಬಗ್ಗೆ ಎಲ್ಲ ಮಕ್ಕಳೂ ಮಾಡುತ್ತಾರೆ, ನೀನು ನಮ್ಮ ಕಡೆಯದು ಮಾಡು ಎಂದು ಅವಳೇ ಹುರಿದುಂಬಿಸಿದ್ದಳು. ಹುಬ್ಬಳ್ಳಿ ಸಾಕಲ್ಲ ಎಂದೆ. 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದ. ಹುಡುಗ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಬಂದು, 'ಇಲ್ಲೇ ಬರೇ ನಡಿಯೂದ ಐತಿ' ಎಂದು ತೀರ್ಪು ಕೊಟ್ಟ. ಉಣಕಲ್ ಕೆರೆಗೂ ಕರಕೊಂಡು ಹೋದೆವು. ದೋಣಿಯಲ್ಲಿ ಕೂತು, ನಡುಗಡ್ಡೆಯ ವಿವೇಕಾನಂದರ ಮೂರ್ತಿ ನೋಡಿ ಬಂದೆವು. 'ಇದರಾಗ ಹೇಳೋರು ಯಾರೂ ಇಲ್ಲೇನು?' ಎಂದು ಅವನು ಕೇಳಿದ. ಅವನಿಗೆ ದೋಣಿ ಎಂದರೆ ಹೇಳುವವರು ಇರಬೇಕು.

ಅದು ಅವನ ಊರಿನ ರೂಢಿ. ಶಿಕಾಗೊ ನದಿಯಲ್ಲಿ ತೊಂಬತ್ತು ನಿಮಿಷದ ಒಂದು ದೋಣಿಯಾತ್ರೆ ಇದೆ. ಅಲ್ಲಿನ ವಾಸ್ತುಶಿಲ್ಪ ಕೇಂದ್ರ ನಡೆಸುವಂಥದ್ದು. ತರಬೇತಿ ಪಡೆದ ಸ್ವಯಂಸೇವಕರು ಮೈಕ್ ಹಿಡಿದು, ಎರಡೂ ದಂಡೆಯ ಐವತ್ತರಷ್ಟು ಕಟ್ಟಡಗಳ ಚರಿತ್ರೆ ಹೇಳುತ್ತಾರೆ. ಪ್ರತಿಯೊಂದಕ್ಕೂ ಇಸವಿ ಇದೆ, ಕಟ್ಟಿದ ವಾಸ್ತುಶಿಲ್ಪಿಯ ಹೆಸರಿದೆ. ಅಕ್ಕ ಹುಬ್ಬಳ್ಳಿಯಿಂದ ನೆಂಟರು ಬಂದಾಗಲೆಲ್ಲ ಅದರಲ್ಲಿ ಕೂಡಿಸಿ, ತಾನೂ ಆರು ಸಲ ಕೂತು, ಈಗ ಬಾಯಿಪಾಠ ಒಪ್ಪಿಸುತ್ತಾಳೆ. 1871ರ ದೊಡ್ಡ ಬೆಂಕಿಯಿಂದ ಕಥೆ ಶುರು. ಊರು ಸುಟ್ಟಿತು, ಬಯಲಾಯಿತು, ಆ ಬಯಲಿನ ಮೇಲೆ ಗಗನಚುಂಬಿಗಳು ಎದ್ದವು. 1900ರಲ್ಲಿ ನದಿಯ ಹರಿವನ್ನೇ ತಿರುವು ಮುರುವು ಮಾಡಿದರು, ಕೊಳೆನೀರು ಕುಡಿಯುವ ನೀರಿನ ಸರೋವರಕ್ಕೆ ಸೇರದಿರಲಿ ಎಂದು. ಕೇಳಲು ಚೆನ್ನಾಗಿದೆ. ಬೆಂಕಿಗೆ ಮೊದಲು ಅಲ್ಲಿ ಯಾರಿದ್ದರು ಎಂದು ನಾನು ಕೇಳಿದ್ದಕ್ಕೆ ಅವಳು, 'ಅದು ತೊಂಬತ್ತು ನಿಮಿಷದಾಗ ಬರಂಗಿಲ್ಲೋ' ಎಂದಳು. 1833ರಲ್ಲಿ ಒಂದು ಒಪ್ಪಂದದ ಮೇಲೆ ಪೊಟವಾಟಮಿ ಜನರನ್ನು ಆ ನೆಲದಿಂದ ಪಶ್ಚಿಮಕ್ಕೆ ಸಾಗಹಾಕಿದ್ದನ್ನು ನಾನು ಓದಿದ್ದೆ. ಆಗ ಸುಮ್ಮನಾದೆ. ಮನೆಯಲ್ಲಿ ನಾನು ಇಂಥ ಪ್ರಶ್ನೆ ಕೇಳುವವನು ಎಂದೇ ಹೆಸರಾಗಿದ್ದೇನೆ.

ಅಂತೂ ದೋಣಿಯಲ್ಲಿ ಕೂತು ನೋಡಬಹುದಾದ, ಹೇಳುವವರು ಇರುವ ದೊಡ್ಡ ನಗರ ನಮ್ಮ ಕಡೆ ಯಾವುದಿದೆ? ಹುಬ್ಬಳ್ಳಿಯಿಂದ ಗದಗ, ಕೊಪ್ಪಳ ಹಾದು ಮೂರು ತಾಸಿನ ದಾರಿ. ಈಗ ಅದು ನಗರವಲ್ಲ. ಆದರೆ 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆಟ್ಟ ಹತ್ತಿ ನೋಡಿ, ಕಣ್ಣಿಗೆ ಕಂಡಷ್ಟೇ ರೋಮಿನಷ್ಟಿದೆ ಎಂದು ಬರೆದ ಊರು. ಆ ಪಾಯೆಸನೇ ಆನೆಗೊಂದಿಗೆ ದಾಟುವ ದೋಣಿಗಳ ಬಗೆಗೂ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿರುತ್ತವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇರೆ ದೋಣಿಗಳಂತೆ ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತವೆ. ಐದು ನೂರು ವರ್ಷದಲ್ಲಿ ಬದಲಾದದ್ದು ಇಷ್ಟೇ. ಬೆತ್ತದ ಜಾಗದಲ್ಲಿ ಬಿದಿರು, ತೊಗಲಿನ ಜಾಗದಲ್ಲಿ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ. ತಿರುಗುವುದು ಹಾಗೆಯೇ ಇದೆ. ತಾಳಾರಿಘಟ್ಟದಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ಅದಕ್ಕೂ ಮೊದಲು, 1999ರಲ್ಲಿ, ಆ ಸೇತುವೆಯ ಕಾರಣಕ್ಕೇ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. ಪಟ್ಟಿಯಿಂದ ಹೆಸರು ಹೊರಬಂದದ್ದು 2006ರಲ್ಲಿ.

ನಮ್ಮ ಮನೆಯ ಐವರು, ಬೆಂಗಳೂರಿನ ಒಂದು ಜೋಡಿ, ಕೋದಂಡರಾಮ ಗುಡಿಯ ಮುಂದೆ ಹರಿಗೋಲು ಹತ್ತಿದೆವು. ಅವ್ವ ಮತ್ತು ದೊಡ್ಡವ್ವ ಎದುರುಬದುರು ಕೂತು ಒಬ್ಬರ ಮೊಣಕಾಲನ್ನು ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಹುಟ್ಟು ಹಾಕುವವನು ನನ್ನ ವಯಸ್ಸಿನವನು. ಇಲಾಖೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಗೈಡ್ ಅವನಲ್ಲ. ಹುಟ್ಟು ಹಾಕುತ್ತ ಹಾಕುತ್ತ ಕೇಳಿ ಕಲಿತದ್ದನ್ನು ಹೇಳುವವನು. ಹೇಳುವುದಕ್ಕೆ ಬೇರೆ ದುಡ್ಡಿಲ್ಲ, ಖುಷಿಯಾದರೆ ಕೊಟ್ಟಷ್ಟು.

ಅವನು ಚೆನ್ನಾಗಿ ಹೇಳುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು. ಎದುರಿನ ಗುಡ್ಡ ಋಷ್ಯಮೂಕ, ವಾಲಿಗೆ ಅಂಜಿ ಸುಗ್ರೀವ ಅಡಗಿದ್ದು ಅಲ್ಲಿ ಎಂದ. ಈ ದಂಡೆಯಲ್ಲಿ ಮುಂದೆ ಹೋದರೆ ಬಂಡೆಯ ಮೇಲೆ ಗೆರೆಗಳಿವೆ, ಸೀತಮ್ಮನ ಸೆರಗು ಎಳೆದ ಗುರುತು ಎಂದ. ಹರಿಗೋಲನ್ನು ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿ ಕೋಟಿಲಿಂಗ ತೋರಿಸಿದ. ಚಪ್ಪಟೆ ಬಂಡೆಯ ಮೇಲೆ ಸಾಲು ಸಾಲಾಗಿ ಕಡೆದ ಲಿಂಗಗಳು, ಒಂದು ಕಡೆ 1008, ಇನ್ನೊಂದು ಕಡೆ 108. ಅವು ಸರಿಯಾಗಿ ಕಾಣುವುದು ನೀರಿನ ಮೇಲಿನಿಂದಲೇ. ಎಷ್ಟೋ ಸಲ ಹಂಪಿಗೆ ಬಂದಿದ್ದ ನನಗೆ ಅವುಗಳ ಒಟ್ಟು ವಿನ್ಯಾಸ ಅಂದೇ ಕಣ್ಣಿಗೆ ಬಿದ್ದದ್ದು. 'ಇದನ್ನು ಯಾರು ಕೆತ್ತಿದರು?' ಎಂದು ಹುಡುಗ ಕೇಳಿದ. ಶಿಕಾಗೊದ ಹುಡುಗ, ಅವನಿಗೆ ಹೆಸರು ಬೇಕು. 'ಹೆಸರು ಬರಕೊಂಡಿಲ್ಲಪ್ಪಾ, ಕೈ ಮುಗದು ಹೋಗ್ಯಾರ' ಎಂದ ಹರಿಗೋಲಿನವನು. ಸೋಮನಾಥಪುರದ ಮೂರ್ತಿಗಳ ಬುಡದಲ್ಲಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಕೊರೆದಿದ್ದಾನೆ ಎಂದು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅವನ ಉತ್ತರ ನನ್ನದಕ್ಕಿಂತ ಚೆನ್ನಾಗಿತ್ತು.

ಇಲ್ಲಿಯವರೆಗೆ ನನಗೆ ಏನೂ ತಿದ್ದಬೇಕೆನಿಸಲಿಲ್ಲ. ಸೀತೆಯ ಸೆರಗಿನ ಗೆರೆಯನ್ನು ಯಾವ ಸಂಶೋಧಕನೂ ತಿದ್ದಲು ಹೋಗುವುದಿಲ್ಲ. ಕಥೆ ತಾನು ಕಥೆ ಎಂದು ಹೇಳಿಕೊಂಡೇ ಬರುತ್ತದೆ. ಕೇಳುವವನೂ ಅದನ್ನು ಅಳೆದು ನೋಡುವುದಿಲ್ಲ. ಆಮೇಲೆ ಹರಿಗೋಲು ತಿರುಗಿ ದಂಡೆಯ ಹಾಳು ಮಂಟಪಗಳು ಎದುರಾದಾಗ ಅವನು ದನಿ ತಗ್ಗಿಸಿ ಹೇಳಿದ:

'1565ರಾಗ ಯುದ್ಧ ಆತ್ರಿ. ಒಂದ ದಿನದಾಗ ಇಡೀ ಊರು ಮಣ್ಣಾತು. ಆವತ್ತಿನಿಂದ ಇಲ್ಲೆ ಒಬ್ಬ ನರಮನುಷಾ ಇದ್ದಿಲ್ರಿ. ಬರೇ ಕಲ್ಲು.'

ಬೆಂಗಳೂರಿನ ಹುಡುಗಿ 'ಅಯ್ಯೋ' ಎಂದಳು. ದೊಡ್ಡವ್ವ ಲೊಚಗುಟ್ಟಿದಳು. ಅಕ್ಕನ ಮಗ ಪುಸ್ತಕದಲ್ಲಿ ಬರೆದುಕೊಂಡ. ಅವನು ಬರೆದುಕೊಂಡದ್ದನ್ನು ನೋಡಿ ನಾನು ಬಾಯಿ ಬಿಟ್ಟೆ. ಯುದ್ಧ ನಡೆದದ್ದು ಇಲ್ಲಲ್ಲ, ದೂರದ ಕೃಷ್ಣಾ ನದಿಯ ಕಡೆ, ರಕ್ಕಸ ತಂಗಡಗಿಯಲ್ಲಿ. ಲೂಟಿ ಒಂದು ದಿನದ್ದಲ್ಲ, ತಿಂಗಳುಗಟ್ಟಲೆ ನಡೆಯಿತು. ಆಮೇಲೂ ಜನ ಇದ್ದರು. ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಗೋಪುರಗಳ ಜೀರ್ಣೋದ್ಧಾರವೂ ಆಗಿದೆ, ಆನೆಗೊಂದಿ ಇದೆ, ಕಮಲಾಪುರ ಇದೆ. 'ಯಾರೂ ಇರಲಿಲ್ಲ ಅನ್ನೂದು ತಪ್ಪು' ಎಂದೆ. ನನ್ನ ದನಿಯಲ್ಲಿ ಸೆಮಿನಾರು ಇತ್ತು ಎಂದು ಆಮೇಲೆ ಅಕ್ಕ ಹೇಳಿದಳು.

ಅವನು ಹುಟ್ಟು ನಿಲ್ಲಿಸಲಿಲ್ಲ. ಸಿಟ್ಟಾಗಲಿಲ್ಲ. 'ಹೌದ್ರಿ ಸರ, ನೀವು ಓದಿದವ್ರು' ಎಂದಷ್ಟೇ ಅಂದ. ಆಮೇಲೆ ದಂಡೆ ಸೇರುವವರೆಗೆ ಅವನು ಏನನ್ನೂ ಹೇಳಲಿಲ್ಲ. ಹರಿಗೋಲಿನಲ್ಲಿ ನೀರಿನ ಸದ್ದೊಂದೇ ಇತ್ತು. ಉಳಿದವರು ನನ್ನ ಕಡೆ ನೋಡದಂತೆ ಗುಡ್ಡ ನೋಡುತ್ತಿದ್ದರು.

ಇಳಿದ ಮೇಲೆ ಎಲ್ಲರೂ ಯಂತ್ರೋದ್ಧಾರಕ ಹನುಮಪ್ಪನ ಗುಡಿಗೆ ಮೇಲೆ ಹತ್ತಿದರು. ನಾನು ಹಿಂದುಳಿದೆ. ದುಡ್ಡು ಕೊಡುವ ನೆಪ. ಚಹಾ ಕುಡಿಯೋಣ ಬಾ ಎಂದೆ. ಅವನು ಬಂದ. ಅವನೇ ಮಾತು ತೆಗೆದ.

'ಇಲ್ಲೆ ಮಂದಿ ಇದ್ರು ಅಂತ ನನಗ ಗೊತ್ತಿಲ್ಲೇನ್ರಿ ಸರ? ನಾನ ಇದ್ನೆಲ್ಲ.'

ಅವನು ಹುಟ್ಟಿದ್ದು ಹಂಪಿ ಬಜಾರಿನಲ್ಲಿ. ವಿರೂಪಾಕ್ಷ ಗುಡಿಯ ಎದುರಿಗೆ ಮುಕ್ಕಾಲು ಕಿಲೋಮೀಟರ್‌ನಷ್ಟು ಉದ್ದಕ್ಕೆ ಎರಡೂ ಬದಿಗೆ ಕಲ್ಲಿನ ಮಂಟಪಗಳ ಸಾಲಿದೆಯಲ್ಲ, ಅದರಲ್ಲಿ. ತಾಯಿ ಮಂಟಪದಲ್ಲಿ ಇಡ್ಲಿ ಮಾಡಿ ಮಾರುತ್ತಿದ್ದಳು. ಕಂಬಕ್ಕೆ ಹಗ್ಗ ಕಟ್ಟಿ ತೊಟ್ಟಿಲು ತೂಗಿದ್ದಳು. 2011ರ ಜುಲೈ 29ರಂದು ಆ ಸಾಲಿನ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಕೆಡವಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎಬ್ಬಿಸಲ್ಪಟ್ಟವು. ನ್ಯಾಯಾಲಯದ ಆದೇಶ ಇತ್ತು. ಸ್ಮಾರಕದ ಅತಿಕ್ರಮಣ ಎಂಬ ಮಾತಿತ್ತು. ಅವರಿಗೆ ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಅವನು ಆಗ ಒಂಬತ್ತನೇ ಇಯತ್ತೆ. ನಾನೂ ಆ ವರ್ಷ ಹುಬ್ಬಳ್ಳಿಯಲ್ಲಿ ಒಂಬತ್ತನೇ ಇಯತ್ತೆ. ಆ ವರ್ಷ ಸಮಾಜ ವಿಜ್ಞಾನದಲ್ಲಿ ನನಗೆ ನೂರಕ್ಕೆ ತೊಂಬತ್ತೆಂಟು ಬಂದಿತ್ತು.

'ಮತ್ತ ಅದನ್ನ ಯಾಕ ಹೇಳಂಗಿಲ್ಲ?' ಎಂದು ಕೇಳಿದೆ.

'ಒಂದೆರಡು ಸಲ ಹೇಳಿ ನೋಡೀನ್ರಿ. ಮಂದಿ ಮಕ ಸಣ್ಣದು ಮಾಡ್ಕೋತಾರ. ರಜಾಕ್ಕ ಬಂದಿರ್ತಾರ, ಪಾಪ. ಕೆಲವ್ರು ನೀವು ಯಾಕ ಅಲ್ಲಿ ಮನಿ ಕಟ್ಟಿದ್ರಿ ಅಂತ ನನಗ ಬೈದ್ರು. 1565 ಹೇಳಿದ್ರ ಯಾರೂ ಬೈಯಂಗಿಲ್ಲ.'

ಚಹಾದ ದುಡ್ಡನ್ನು ಅವನೇ ಕೊಟ್ಟ. ನಾನು ಕೊಡಲು ಹೋದರೆ ಬಿಡಲಿಲ್ಲ.

ಧಾರವಾಡಕ್ಕೆ ಬಂದವನು ಇದನ್ನು ನಮ್ಮ ಗೈಡ್ ಎದುರು ಹೇಳಿಕೊಂಡೆ. ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿಸುವವರನ್ನೂ ನಾವು ಗೈಡ್ ಎಂದೇ ಕರೆಯುತ್ತೇವೆ. ಹಂಪಿಯ ಗೈಡು ತಪ್ಪು ಹೇಳಿದರೆ ಹತ್ತು ಜನ ತಪ್ಪು ತಿಳಿಯುತ್ತಾರೆ, ನಮ್ಮವರು ತಪ್ಪು ಹೇಳಿದರೆ ಅದು ಅಡಿಟಿಪ್ಪಣಿಯಾಗಿ ಐವತ್ತು ವರ್ಷ ಬಾಳುತ್ತದೆ. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು, 'ನೀ ಅದನ್ನ ಅವಗ ಹೇಳಿದ್ಯೋ, ನಿಮ್ಮ ಅಕ್ಕಗ ಕೇಳಿಸಲಿ ಅಂತ ಹೇಳಿದ್ಯೋ?' ಎಂದು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು. ಅವನಿಗೇ ಹೇಳಬೇಕಿದ್ದರೆ ದಂಡೆಗೆ ಬಂದ ಮೇಲೆ ಹೇಳಬಹುದಿತ್ತು. ಸಂಶೋಧನಾ ವೇತನ ನಿಂತು ಎಂಟು ತಿಂಗಳಾದ, ಇಪ್ಪತ್ತೆಂಟು ದಾಟಿದ, ಇನ್ನೂ 'ಓದುತ್ತಿದ್ದಾನೆ' ಎಂದೇ ಪರಿಚಯಿಸಲ್ಪಡುವ ತಮ್ಮ, ಅಮೆರಿಕದ ಅಕ್ಕನ ಎದುರು ತನಗೆ ಏನೋ ಗೊತ್ತಿದೆ ಎಂದು ತೋರಿಸಿದ ಗಳಿಗೆ ಅದು. ಇದನ್ನು ಒಪ್ಪಿಕೊಂಡ ಮೇಲೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹೇಳಿದವನ ಉದ್ದೇಶ ಕೊಳಕಾಗಿದ್ದರೆ ಹೇಳಿದ ಮಾತು ಸುಳ್ಳಾಗುವುದಿಲ್ಲ.

ಆಮೇಲೆ ಇನ್ನೊಂದು ತೊಡಕು ಎದುರಾಯಿತು. ನನ್ನ ತಿದ್ದುಪಡಿಯನ್ನು ಗಟ್ಟಿ ಮಾಡಿಕೊಳ್ಳಲು ಸ್ಯೂವೆಲ್ಲನ 1900ರ ಪುಸ್ತಕ ಮತ್ತೆ ತೆಗೆದೆ. ಸೀಸರ್ ಫೆಡರಿಕಿ ಎಂಬ ಇಟಲಿಯ ವ್ಯಾಪಾರಿ 1567ರಲ್ಲಿ, ಯುದ್ಧವಾದ ಎರಡೇ ವರ್ಷಕ್ಕೆ, ಈ ಊರಿಗೆ ಬಂದಿದ್ದ. ಅವನು ಹೇಳುವುದು: ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಖಾಲಿ. ಹುಲಿ ಮತ್ತು ಕಾಡುಪ್ರಾಣಿಗಳು ವಾಸವಾಗಿವೆ. ಅಂದರೆ ಹರಿಗೋಲಿನವನ ಮಾತಿಗೆ ಕಣ್ಣಾರೆ ಕಂಡ ಸಾಕ್ಷಿಯೊಂದು ಇದೆ! ಓದಿ ಕುರ್ಚಿಯಲ್ಲಿ ಕುಸಿದೆ. ಆದರೆ ಅದೇ ಫೆಡರಿಕಿ, ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ, ಅಲ್ಲಿಯೇ ಏಳು ತಿಂಗಳು ಇದ್ದುಬಿಟ್ಟ. ಏಳು ತಿಂಗಳು ಅವನಿಗೆ ಊಟಕ್ಕೆ ಹಾಕಿದವರು ಯಾರು, ನೀರು ತಂದುಕೊಟ್ಟವರು ಯಾರು, ಬಟ್ಟೆ ಒಗೆದವರು ಯಾರು? ಹುಲಿಗಳಂತೂ ಅಲ್ಲ. ಖಾಲಿ ಎಂದು ಬರೆಯುವವನ ಪಕ್ಕದಲ್ಲೇ ಅಡುಗೆ ಮಾಡುವವರು ಇರುತ್ತಾರೆ, ಅವರನ್ನು ಅವನು ಎಣಿಸುವುದಿಲ್ಲ. ನೋಡುವವನಿಗೆ ಬೇಕಾದ ಜನ ಇಲ್ಲದಾಗ ಊರು ಖಾಲಿ ಎನಿಸುತ್ತದೆ. ಫೆಡರಿಕಿಗೆ ಬೇಕಿದ್ದದ್ದು ರಾಜ, ಆಸ್ಥಾನ, ಕುದುರೆ ಕೊಳ್ಳುವವರು. ಅವರು ಪೆನುಗೊಂಡೆಗೆ ಹೋಗಿದ್ದರು.

ಇದು ಹಳೆಯ ಪುಸ್ತಕದ ವಿಷಯವಾಗಿ ಮಾತ್ರ ಉಳಿದಿದ್ದರೆ ನಾನು ಒಂದು ಲೇಖನ ಬರೆದು ಸುಮ್ಮನಾಗುತ್ತಿದ್ದೆ. '1565ರಲ್ಲಿ ಊರು ಸತ್ತಿತು' ಎಂಬ ವಾಕ್ಯಕ್ಕೆ ನಮ್ಮ ಕಾಲದಲ್ಲಿ ಕೆಲಸವಿದೆ. ಊರು ಸತ್ತಿತು ಎಂದಾದರೆ ಆಮೇಲೆ ಬಂದು ಇದ್ದವರೆಲ್ಲ ಹೆಣದ ಮನೆಯೊಳಗೆ ನುಗ್ಗಿದವರು. ಊರು ಸಾಯಲಿಲ್ಲ, ಸಣ್ಣದಾಯಿತು, ಬಡವಾಯಿತು, ಮತ್ತೆ ಬೆಳೆಯಿತು ಎಂದಾದರೆ ಅವರು ಆ ಊರಿನ ಮಂದಿ. ಅತಿಕ್ರಮಣ ಎಂಬ ಪದ ಕಾಗದದ ಮೇಲೆ ಕಾನೂನಿನ ಪದ, ಅದರ ಬೇರು ಇರುವುದು ಒಂದು ಕಥೆಯಲ್ಲಿ. ಆ ಕಥೆಯನ್ನು ದಿನಕ್ಕೆ ಆರು ಸಲ, ಹುಟ್ಟು ಹಾಕುತ್ತ, ಹೇಳುತ್ತಿರುವವನು ಅದೇ ಕಥೆಯಿಂದ ಮನೆ ಕಳಕೊಂಡವನು. ನನಗೆ ಕಸಿವಿಸಿ ಹುಟ್ಟಿಸಿದ್ದು ಇದೇ. ಶಿಕಾಗೊದಲ್ಲಿ ಕಥೆ ಬೆಂಕಿಯಿಂದ ಶುರುವಾಗುತ್ತದೆ, ಇಲ್ಲಿ ಬೆಂಕಿಯಲ್ಲಿ ಮುಗಿಯುತ್ತದೆ. ಎರಡೂ ಕಡೆ ಬೆಂಕಿಯ ಆಚೆ ಬದಿಗೆ ಇದ್ದವರು ದೋಣಿಗೆ ಕಾಣುವುದಿಲ್ಲ.

ಹಾಗೆಂದು ಬಜಾರಿನ ಸಂಗತಿ ಒಂದೇ ಬದಿಯದು ಎಂದು ಹೇಳಲಾರೆ. ಚಿಕ್ಕವನಿದ್ದಾಗ ಶಾಲೆಯ ಪ್ರವಾಸದಲ್ಲಿ ನಾನು ಆ ಬಜಾರನ್ನು ನೋಡಿದ್ದೇನೆ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಕಲ್ಲಿಗೆ ಮೊಳೆ ಹೊಡೆದು ಬೋರ್ಡು ತೂಗಿದ್ದರು. ಕೆಲವು ಕಡೆ ಮೇಲೆ ಸಿಮೆಂಟಿನ ಕೋಣೆ. ಇಡ್ಲಿ ಮಾರುವವಳ ಪಕ್ಕದಲ್ಲಿ ಪ್ರವಾಸಿಗರಿಗೆ ರೂಮು ಕೊಡುವವನೂ ಇದ್ದ, ಇಬ್ಬರ ಬಡತನ ಒಂದೇ ಬಗೆಯದಲ್ಲ. ಐದು ನೂರು ವರ್ಷ ಉಳಿದ ಕಲ್ಲಿಗೂ ಒಂದು ಹಕ್ಕಿದೆ ಎಂದು ನಾನು ನಂಬುತ್ತೇನೆ. ಇಲ್ಲದಿದ್ದರೆ ಶಾಸನ ಓದುವ ಕೆಲಸಕ್ಕೆ ನಾನು ಬರುತ್ತಲೇ ಇರಲಿಲ್ಲ. ಕೇಳಬೇಕಾದದ್ದು, ಆ ಹಕ್ಕನ್ನು ಕೊಡಿಸಲು ಮನುಷ್ಯರು ಅಲ್ಲಿ ಎಂದೂ ಇರಲೇ ಇಲ್ಲ ಎಂದು ಹೇಳುವ ಅಗತ್ಯ ಇದೆಯೇ ಎಂದು. ಮನೆ ಬಿಡಿಸುವುದು ಒಂದು ಕಷ್ಟ. ಮನೆ ಇತ್ತು ಎಂಬುದನ್ನೂ ಬಿಡಿಸುವುದು ಅದರ ಮೇಲಿನ ಕಷ್ಟ. ಈಗ ಆ ಬೀದಿ ಸ್ವಚ್ಛವಾಗಿದೆ. ಫೋಟೊ ಚೆನ್ನಾಗಿ ಬರುತ್ತದೆ. ಅಲ್ಲಿ ನಿಂತು 'ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು' ಎನ್ನುತ್ತಾರೆ. ಇಡ್ಲಿ ಮಾರುತ್ತಿದ್ದರು ಎನ್ನುವುದಿಲ್ಲ.

ಮತ್ತೆ ಅವನ ಬದಿಯಿಂದ ಯೋಚಿಸುತ್ತೇನೆ. ಇನ್ನೊಬ್ಬನಿಗೆ ಕೇಡಾಗುವ ಸುಳ್ಳನ್ನು ಹೊಟ್ಟೆಪಾಡಿಗೆ ಹೇಳುವುದು ತಪ್ಪು, ಇದರಲ್ಲಿ ಗೊಂದಲವಿಲ್ಲ. ತನಗೇ ಕೇಡಾದ ಸುಳ್ಳನ್ನು ಹೇಳಿದರೆ? ಅವನದು ಅವನು ಬಿಟ್ಟುಕೊಟ್ಟ, ನೀನ್ಯಾರು ಕೇಳಲು ಎನ್ನಬಹುದು. ನನ್ನ ಸಾಲದವನಿಗೆ ನಾನು ಸಾಲ ಮನ್ನಾ ಮಾಡಿದಂತೆ. ಆದರೆ ಮುನ್ನೂರು ಮನೆಗಳ ನೆನಪು ಅವನೊಬ್ಬನ ಸಾಲವಲ್ಲ. ಅವನ ತಾಯಿಯ ಪರವಾಗಿ, ಓಣಿಯವರ ಪರವಾಗಿ ಅವನು ಮನ್ನಾ ಮಾಡಬಹುದೇ? ಹೀಗೆ ವಾದ ಕಟ್ಟುತ್ತ ಹೋದರೆ ನಾನು ಗೆಲ್ಲುತ್ತೇನೆ. ಗೆದ್ದ ಮೇಲೆ ಏನು ಕೇಳುತ್ತೇನೆ ಎಂದು ನೋಡಿಕೊಂಡೆ. ಅವನು ದಿನಕ್ಕೆ ಆರು ಸಲ, ರಜಾಕ್ಕೆ ಬಂದವರ ಎದುರು, 'ಇಲ್ಲಿ ನಮ್ಮವ್ವನ ಒಲೆ ಇತ್ತು' ಎಂದು ತೋರಿಸಬೇಕು. ಕೋಟಿಲಿಂಗದ ಆಮೇಲೆ, ಪುರಂದರ ಮಂಟಪಕ್ಕೆ ಮೊದಲು, ಅವನ ತಾಯಿಯ ಒಲೆ ಒಂದು ಪ್ರೇಕ್ಷಣೀಯ ಸ್ಥಳ. ಅದಕ್ಕೆ ಬೆಂಗಳೂರಿನ ಹುಡುಗಿ 'ಅಯ್ಯೋ' ಎನ್ನಬೇಕು, ದೊಡ್ಡವ್ವ ಲೊಚಗುಟ್ಟಬೇಕು, ಹತ್ತಿಪ್ಪತ್ತು ರೂಪಾಯಿ ಹೆಚ್ಚು ಬೀಳಬೇಕು. ಯಾರೋ ಬೈಯಲೂಬೇಕು. 1565 ಅವನಿಗೆ ಒಂದು ಬಾಗಿಲು. ಅದನ್ನು ಎಳೆದುಕೊಂಡು ಅವನು ಒಳಗೆ ಬೇರೆ ಏನನ್ನೋ ಕಾಪಾಡಿಕೊಂಡಿದ್ದ. ನಾನು ಬಾಗಿಲು ಒದ್ದೆ, ಅದೂ ಸರಿಯಾದ ಇಸವಿ ಹೇಳಿ.

ಹಾಗಾದರೆ ಸುಮ್ಮನಿರಬೇಕಿತ್ತೇ? ಹುಡುಗ ಬರೆದುಕೊಳ್ಳುತ್ತಿದ್ದನಲ್ಲ. ಸುಮ್ಮನಿದ್ದರೆ ಆ ವಾಕ್ಯ ಹರಿಗೋಲಿನಿಂದ ಇಳಿದು ಶಿಕಾಗೊದ ತರಗತಿಗೆ ಹೋಗುತ್ತದೆ. ದುರ್ಬಲನೊಬ್ಬ ತನ್ನ ರಕ್ಷಣೆಗೆ ಹೇಳಿದ್ದು, ಬೇರೆಯವರ ಬಾಯಿಗೆ ಬಂದ ಮೇಲೆ ಬಲಶಾಲಿಗಳ ಕೈಯ ಆಯುಧವಾಗುತ್ತದೆ. ಅವನು ಹೇಳುವುದು ಬೇರೆ, ಅದನ್ನು ನಾನು ಒಪ್ಪಿ ತಲೆಯಾಡಿಸುವುದು ಬೇರೆ. ಅವನಿಗೆ ಆ ಸುಳ್ಳು ಬೇಕು, ನನಗೆ ಬೇಡ. ಹರಿಗೋಲಿನ ಹೊರಗೆ ನನಗೆ ಲೇಖನ ಬರೆಯಲು ಜಾಗವಿದೆ, ಸೆಮಿನಾರಿನಲ್ಲಿ ಹದಿನೈದು ನಿಮಿಷವಿದೆ, ನಾಳೆ ಎಲ್ಲಾದರೂ ಪಾಠ ಹೇಳುವ ಕೆಲಸ ಸಿಕ್ಕರೆ ತರಗತಿ ಇದೆ. ಈ ಯಾವ ಕಡೆಯೂ ನಾನು ಇದುವರೆಗೆ ಬಜಾರಿನ ಬಗ್ಗೆ ಒಂದು ಸಾಲು ಬರೆದಿಲ್ಲ, ಮಾತಾಡಿಲ್ಲ. ಅಲ್ಲಿ ಎದುರಿಗೆ ಇರುವವರು ಪ್ರಶ್ನೆ ಕೇಳುತ್ತಾರೆ, ಮುಂದೆ ಸಂದರ್ಶನಕ್ಕೆ ಕೂತಾಗ ನೆನಪಿಡುತ್ತಾರೆ. ಹುಟ್ಟು ಹಾಕುವವನು 'ನೀವು ಓದಿದವ್ರು' ಎನ್ನುತ್ತಾನೆ.

ಇಷ್ಟಾಗಿ ಇದೆಲ್ಲ ದೂರದ ಹಂಪಿಯ ಕಥೆಯೂ ಅಲ್ಲ. ಉಣಕಲ್ಲಿನಲ್ಲಿ ಕೆರೆಯಿಂದ ಸ್ವಲ್ಪ ದೂರಕ್ಕೆ ಚಂದ್ರಮೌಳೇಶ್ವರ ಗುಡಿ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲಿರುವಂಥದ್ದು. ಓಣಿಯ ಮನೆಗಳು ಗುಡಿಗೆ ಅಂಟಿಕೊಂಡಂತೆ ನಿಂತಿವೆ. ಸಂರಕ್ಷಿತ ಸ್ಮಾರಕದ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂದು 2010ರ ತಿದ್ದುಪಡಿ ಹೇಳುತ್ತದೆ. ಸುತ್ತಲಿನ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ವರ್ಷಗಳಿಂದ ಪತ್ರಿಕೆಯಲ್ಲಿ ಬಂದು ಬಂದು ಹೋಗುತ್ತದೆ. ಅಲ್ಲಿ ನನ್ನ ಗೆಳೆಯನೊಬ್ಬನ ಮನೆ ಇದೆ. ಅವನ ಅಜ್ಜಿ ಹಪ್ಪಳ ಒಣಗಿಸುವುದು ಗುಡಿಯ ಬದಿಯ ಬಿಸಿಲಿನಲ್ಲೇ. ಹಂಪಿಯಿಂದ ಬಂದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಅಜ್ಜಿಯನ್ನು ಮಾತಾಡಿಸಿ, ಈ ಮನೆ ಯಾವಾಗ ಕಟ್ಟಿದ್ದು, ಮೊದಲು ಇಲ್ಲಿ ಏನಿತ್ತು, ಗುಡಿಗೆ ಎಣ್ಣೆ ಕೊಡುವವರು ಯಾರಿದ್ದರು ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಅರ್ಧ ತಾಸು ಹೇಳಿದಳು. ಆಮೇಲೆ ಅನುಮಾನ ಬಂದಂತೆ, 'ಯಾಕ ಬರಕೋತಿ ತಮ್ಮಾ, ಸರಕಾರಕ್ಕ ಕೊಡ್ತೀಯೇನು?' ಎಂದಳು. ಇಲ್ಲ ಎಂದೆ. ಮತ್ತೆ ಯಾರಿಗೆ ಎಂದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ಹಪ್ಪಳ ತಿರುವಿಹಾಕಲು ಎದ್ದಳು.

ಮಾರ್ಚಿನಲ್ಲಿ ಒಂದು ರಾತ್ರಿ ಅಕ್ಕನ ವಿಡಿಯೊ ಕರೆ ಬಂತು. ಮಗ ಪ್ರಾಜೆಕ್ಟ್ ಮಾಡುತ್ತಿದ್ದ. ಹಿಂದುಗಡೆ ಪರದೆಯ ಮೇಲೆ ಕಲ್ಲಿನ ರಥ, ದುಂಡನೆಯ ಹರಿಗೋಲು ಕಂಡವು.

'ಮಾಮಾ, 1565 ಹೌದಲ್ಲ?'

'ಹೌದು. ಆದರ ಅದರ ಮುಂದ...'

'ಮುಂದ ಬ್ಯಾಡ ಮಾಮಾ. ಒಂದ ಸ್ಲೈಡ್ ಐತಿ. ಆವತ್ತಿನಿಂದ ಯಾರೂ ಇದ್ದಿಲ್ಲ ಅಂತ ಬರೀಲೇನು?'

ಅಲ್ಲಿ ಬೆಳಿಗ್ಗೆ. ಅವನಿಗೆ ಶಾಲೆಯ ಬಸ್ಸು ಬರುವ ಹೊತ್ತಾಗಿತ್ತು. ಅಕ್ಕ ಹಿಂದಿನಿಂದ, ಲಗೂ ಹೇಳೋ, ಎನ್ನುತ್ತಿದ್ದಳು. ಇನ್ನೊಂದು ಸ್ಲೈಡ್ ಹಾಕು, ನಾನು ಬರೆದು ಕಳಿಸುತ್ತೇನೆ ಎಂದೆ. ಒಂದಕ್ಕೇ ಅವಕಾಶ ಎಂದ. ಹರಿಗೋಲಿನವನು ಹುಟ್ಟು ಹಾಕುತ್ತ 'ಹೌದ್ರಿ ಸರ' ಎಂದದ್ದು ನೆನಪಾಯಿತು.

'ಕಡಿಮಿ ಮಂದಿ ಇದ್ರು ಅಂತ ಬರಿ' ಎಂದೆ.

ಅವನು ಟೈಪ್ ಮಾಡಿದ್ದನ್ನು ಓದಿ ತೋರಿಸುವ ಮೊದಲೇ ಕರೆ ಕಡಿದುಹೋಯಿತು.